ಸೈಕಲ್ಲಿನ ಸದ್ದು ನಿಲ್ಲಿಸಿದ ವೈನಿ

ವೈನಿಯ ಬಲಗೈ ಹೆಬ್ಬೆರಳಿನ ಉಗುರಿನಡಿ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಸೀಗೆಕಾಯಿ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ರೊಟ್ಟಿ ಬಡಿಸುವಾಗ ಅಣ್ಣ ಅದನ್ನು ನೋಡಿ ಸಣ್ಣಗೆ ನಗುತ್ತಿದ್ದ. ಆ ನಗುವನ್ನು ಸಹಿಸಲು ನನ್ನಿಂದ ಆಗುತ್ತಿರಲಿಲ್ಲ.

ಅವರು ಬಿಳೂರಿನ ನಮ್ಮ ಮನೆಗೆ ಅಣ್ಣನ ಹೆಂಡತಿಯಾಗಿ ಬಂದಾಗ ನಾನು ಊರ ಶಾಲೆಯಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ಅಣ್ಣ ಸೈಕಲ್ಲಿನ ಹಿಂದೆ ಅರಿವೆಯ ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರಿ. ಸೈಕಲ್ಲಿನ ಆರೈಕೆ ನನ್ನದು. ರವಿವಾರ ಸ್ನಾನ, ಲಿಂಗಪೂಜೆ, ಆಮೇಲೆ ಸೈಕಲ್ಲು. ಈ ಕ್ರಮವನ್ನು ಒಮ್ಮೆಯೂ ತಪ್ಪಿಸಿದವನಲ್ಲ. ಊರವರೆಲ್ಲ ಮಾಡುವಂತೆ ಚೈನಿಗೆ ಮನೆಯ ಕುಸುಬಿ ಎಣ್ಣೆಯನ್ನು ಧಾರಾಳವಾಗಿ ಸುರಿಯುತ್ತಿದ್ದೆ. ಆದರೂ ಅದು ಕಿರ್ ಕಿರ್ ಅನ್ನುತ್ತಿತ್ತು. ಸಂಜೆ ಸೈಕಲ್ಲು ಹಳ್ಳದಾಚೆ ಇರುವಾಗಲೇ ಆ ಸದ್ದು ಹಿಡಿದು, ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆಯುವವನು ನಾನು. ಗಂಟು ಇಳಿಸುತ್ತ ಅಣ್ಣ ಸಂತೆಯ ಸುದ್ದಿ ಹೇಳುತ್ತಿದ್ದುದು ನನಗೇ.

ವೈನಿ ಬಿಜಾಪುರದ ಸೈಕಲ್ ಅಂಗಡಿಯವರ ಮಗಳು. ಬಂದ ಹೊಸತರಲ್ಲೇ ಒಂದು ರವಿವಾರ ನನ್ನ ಕೈಯ ಎಣ್ಣೆಬಟ್ಟಲು ಮೂಸಿ ನೋಡಿದರು.

“ಮಾಸ್ತರ, ಇದು ವಗ್ಗರಣಿಗಿ ಚಲೋ. ಚೈನಿಗಿ ಹಾಕಿದ್ರ ಒಣಗಿ ಗೋಂದ ಆಕ್ಕೈತ್ರಿ. ಅದಕ್ಕ ಅದು ಅಳಾಕತ್ತೈತಿ.”

ಅಣ್ಣ ಜೋರಾಗಿ ನಕ್ಕ. ವೈನಿ ಗೋಣಿತಟ್ಟಿನ ಮೇಲೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಸೀಮೆಎಣ್ಣೆಯ ಚಿಂದಿಯಿಂದ ಚೈನಿನ ಅಂಟನ್ನೆಲ್ಲ ತೆಗೆದರು. ನವಿಲುಗರಿಯ ಕಡ್ಡಿಯನ್ನು ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಅದ್ದಿ ಕೊಂಡಿಕೊಂಡಿಗೂ ಒಂದೊಂದೇ ಹನಿ ಬಿಟ್ಟರು. ಪೆಡಲು ತಿರುಗಿಸಿ, ಹೊರಗೆ ಉಳಿದ ಎಣ್ಣೆಯನ್ನು ಮತ್ತೆ ಒರೆಸಿಬಿಟ್ಟರು. ಹಾಕಿದ್ದನ್ನೇ ಒರೆಸುವುದೇಕೆಂದು ಕೇಳಿದೆ. ಹೊರಗಿನ ಎಣ್ಣೆ ನಮ್ಮೂರ ಧೂಳಿಗೆ ಊಟ ಹಾಕಿದಂತೆ ಎಂದರು.

“ನೀ ಸಾಲಿ ನೋಡಕೋ,” ಅಂದ ಅಣ್ಣ. “ಸೈಕಲ್ ಅಕಿ ನೋಡ್ತಾಳ.”

ಅಂದಿನಿಂದ ರವಿವಾರದ ಗೋಣಿತಟ್ಟಿನ ಮೇಲೆ ಅವರಿಬ್ಬರೇ. ಸೈಕಲ್ಲಿನ ಬಾಯಿ ಮುಚ್ಚಿತು. ಅಣ್ಣ ಬಂದದ್ದು ನನಗೆ ತಿಳಿಯದಾಯಿತು. ನಾನು ಮಕ್ಕಳ ವಹಿಗಳನ್ನು ತಿದ್ದುತ್ತ ಕುಳಿತಿರುವಾಗಲೇ ವೈನಿ ಒಲೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದಿರುತ್ತಿದ್ದರು. ಸಂತೆಯ ಸುದ್ದಿ ಈಗ ಅವರಿಗೆ ಮೊದಲು. ನನಗೆ ಸಿಗುವುದು ಎರಡನೆಯ ಸಲ ಹೇಳಿದ್ದು, ಅರ್ಧ ಮಾತು ಬಿಟ್ಟದ್ದು.

ತಡೆಯಲಾರದೆ ಒಮ್ಮೆ ಕೇಳಿದೆ. ಸದ್ದೇ ಇಲ್ಲದ ಗಾಡಿ, ಹೇಗೆ ಗೊತ್ತಾಗುತ್ತದೆ?

“ಇಳಿಜಾರಿನ್ಯಾಗ ಅವ್ರು ಪೆಡ್ಲ ನಿಲ್ಲಸ್ತಾರ. ಹಿಂದಿನ ಗಾಲಿ ಟಿಕ್ ಟಿಕ್ ಅಂತೈತಿ. ಮಾಸ್ತರ್ಗಿ ಸಾಲಿ ಗಂಟಿ ಒಂದ ಕೇಳಸ್ತೈತೇನ್ರಿ?”

ಸಂಜೆಗಳಲ್ಲಿ ಕಿವಿಗೊಟ್ಟು ಕುಳಿತೆ. ಕುರಿಗಳ ಕೂಗು ಕೇಳಿತು, ಗಾಳಿ ಕೇಳಿತು. ಆ ಟಿಕ್ ಟಿಕ್ ಕೇಳುವಷ್ಟರಲ್ಲಿ ವೈನಿ ಹೊಸ್ತಿಲಲ್ಲಿರುತ್ತಿದ್ದರು.

ಮುಂದೆ ನನಗೆ ದರಿಬಡಚಿಯ ಶಾಲೆಗೆ ವರ್ಗವಾದಾಗ, ಮನೆಯಿಂದ ಹೋಗಿಬರಲು ನಾನೂ ಒಂದು ಸೈಕಲ್ಲು ಕೊಂಡೆ. ಮಳೆಗಾಲಕ್ಕೆ ಮುಂಚೆ ಗಾಲಿಯೊಳಗಿನ ಉಕ್ಕಿನ ಗುಂಡುಗಳನ್ನು ಬಿಚ್ಚಿ ಗ್ರೀಸು ತುಂಬುವುದನ್ನು ಕಲಿಸಿದವರು ವೈನಿಯೇ. ಆ ಸೈಕಲ್ಲು ನಿವೃತ್ತಿಯವರೆಗೂ ನನ್ನನ್ನು ಹೊತ್ತು ತಿರುಗಿತು. ಕಲಿಸುವಾಗ ಅವರು ಏನನ್ನೂ ಮುಚ್ಚಿಡಲಿಲ್ಲ. ಅದಕ್ಕೂ ನನಗೆ ಹೊಟ್ಟೆಯುರಿಯಿತು.

ಅಣ್ಣ ಮೊದಲು ಹೋದ. ಓಡಿಸುವವರಿಲ್ಲದ ಸೈಕಲ್ಲಿಗೂ ವೈನಿ ರವಿವಾರ ತಪ್ಪಿಸಲಿಲ್ಲ. ಅವರು ಹಾಸಿಗೆ ಹಿಡಿದ ಮೇಲೆ ಆ ಕೆಲಸ ಮತ್ತೆ ನನ್ನ ಕೈಗೆ ಬಂತು. ಅವರ ಕೊನೆಯ ರವಿವಾರ, ಪಡಸಾಲೆಯ ಮಂಚದಿಂದ ಸನ್ನೆ ಮಾಡಿ, ಹಿಂದಿನ ಗಾಲಿ ತಿರುಗಿಸಲು ಹೇಳಿದರು. ತಿರುಗಿಸಿದೆ. ಟಿಕ್ ಟಿಕ್ ಎನ್ನುತ್ತ ಗಾಲಿ ಬಹಳ ಹೊತ್ತು ಓಡಿತು.

“ಬಂದ್ರು,” ಅಂದರು ವೈನಿ. “ಬಾಗ್ಲಾ ತಗೀರಿ, ಮಾಸ್ತರ.”

ಎದ್ದು ಹೋಗಿ ತೆಗೆದೆ. ಹೊಸ್ತಿಲ ಮೇಲೆ ಬಿಸಿಲಿತ್ತು. ಅವರಿಗೆ ಬಂದ ಅಣ್ಣ ನನಗೆ ಬರಲಿಲ್ಲ.