ಅವನು ಹಗ್ಗ ಕಟ್ಟಿಕೊಂಡಿದ್ದ

ನಾನು ನಿಂತಿದ್ದದ್ದು ಗುಲ್‌ಮೊಹರ್ ಮರದ ಬುಡಕ್ಕೂ ಹೌಸಿಂಗ್ ಸೊಸೈಟಿಯ ಕಾಂಪೌಂಡ್ ಗೋಡೆಗೂ ನಡುವೆ. ಬೆನ್ನು ಗೋಡೆಯ ಕಡೆಗೆ, ಮುಖ ಬಿಲ್ಡಿಂಗಿನ ಕಡೆಗೆ. ಜಾಗ ಘಾಟ್ಕೋಪರ್ ಪೂರ್ವ, ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಒಂದು ಗಲ್ಲಿ. ಮೂರು ವರ್ಷದ ಹಿಂದೆ, ಮೇ ತಿಂಗಳ ಕೊನೆಯ ವಾರ. ಬೆಳಿಗ್ಗೆ ಒಂಬತ್ತು ದಾಟಿತ್ತು. ಬಿಸಿಲಿತ್ತು, ಗಾಳಿ ಇರಲಿಲ್ಲ. ಗಾಳಿ ಇರಲಿಲ್ಲ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಗಾಳಿಗೆ ಮರ ಬಿತ್ತು ಎಂದು ಆಮೇಲೆ ಹೇಳಿದವರಿದ್ದಾರೆ. ಅದಕ್ಕಿಂತ ಕೆಟ್ಟದ್ದನ್ನು ಹೇಳಿದವರೂ ಇದ್ದಾರೆ. ಮರದ ಮೇಲಿದ್ದವನು ಹಗ್ಗ ಕಟ್ಟಿಕೊಳ್ಳದೆ ಹತ್ತಿದ್ದ ಎಂದು.

ಮಳೆಗಾಲಕ್ಕೆ ಮುಂಚೆ ಈ ಊರಿನ ಸೊಸೈಟಿಗಳು ಮರದ ಭಾರ ಇಳಿಸುತ್ತವೆ. ರಸ್ತೆಗೆ, ವಯರಿಗೆ, ಪಾರ್ಕಿಂಗಿನ ತಗಡಿಗೆ ಬಾಗಿದ ಕೊಂಬೆಗಳನ್ನು ಕಡಿಸುತ್ತವೆ. ನಮ್ಮದು ಆ ಕೆಲಸ. ನಾನು ಉಡುಪಿಯ ಕಡೆಯವನು. ಮೊದಲು ಸಾಂತಾಕ್ರೂಜಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದೆ. ಹೊಗೆಗೆ ಎದೆ ಕಟ್ಟತೊಡಗಿದ ಮೇಲೆ ಅದನ್ನು ಬಿಟ್ಟು ಮರದ ಕೆಲಸಕ್ಕೆ ಬಂದೆ. ನಾನು ಹತ್ತುವವನಲ್ಲ, ಕೆಳಗೆ ಹಗ್ಗ ಹಿಡಿಯುವವನು. ಹತ್ತುತ್ತಿದ್ದವನು ವಿಜಯಪುರ ಜಿಲ್ಲೆಯವನು, ನನಗಿಂತ ಚಿಕ್ಕವನು. ಬಿಲ್ಡಿಂಗುಗಳಿಗೆ ಬಿದಿರಿನ ಅಟ್ಟಣಿಗೆ ಕಟ್ಟುತ್ತಿದ್ದವನು ಮರಕ್ಕೆ ಬಂದಿದ್ದ. ಇನ್ನಿಬ್ಬರು ಕೊಂಬೆಗಳನ್ನು ಟೆಂಪೋಗೆ ತುಂಬುವವರು. ಆ ಹೊತ್ತಿಗೆ ಅವರು ಪಕ್ಕದ ಗಲ್ಲಿಯಲ್ಲಿ ಹಿಂದಿನ ದಿನದ ಸೊಪ್ಪು ತುಂಬುತ್ತಿದ್ದರು. ಅವರು ಏನನ್ನೂ ನೋಡಲಿಲ್ಲ.

ಹತ್ತುವ ಮೊದಲು ಅವನು ಚಪ್ಪಲಿ ಬಿಟ್ಟು ಮರವನ್ನು ಒಂದು ಸುತ್ತು ಬಂದ. ಕೊಯ್ತಾದ ಬೆನ್ನಿನಿಂದ ಕಾಂಡಕ್ಕೆ ಅಲ್ಲಲ್ಲಿ ಬಡಿದು ಕಿವಿಗೊಟ್ಟ. ಇಲ್ಲಿ ಕತ್ತಿಗೆ ಕೊಯ್ತಾ ಎನ್ನುತ್ತಾರೆ. ಒಳಗೆ ಟೊಳ್ಳಾಗಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಕಾಂಡ ಗಟ್ಟಿಯಿತ್ತು. ಗೋಡೆಯ ಕಡೆ ನೆಲಕ್ಕೆ ಹೊಸ ಸಿಮೆಂಟ್ ಬ್ಲಾಕು ಹಾಸಿದ್ದರು. ಯಾಕೆ ಎಂದು ವಾಚ್‌ಮನ್ನನ್ನು ಕೇಳಿದ. ನೀರು ನಿಲ್ಲುತ್ತಿತ್ತು, ಅದಕ್ಕೆ ಎಂದ ವಾಚ್‌ಮನ್. ಅದು ನಿಜವೇ. ಆದರೆ ಗೋಡೆಗೆ ಒತ್ತಿ ಗಟಾರ ತೋಡುವಾಗ ಆ ಕಡೆಯ ಬೇರುಗಳನ್ನೆಲ್ಲ ಕಡಿದಿದ್ದರು. ಕಡಿದ ತುದಿಗಳು ಬ್ಲಾಕಿನ ಕೆಳಗಿದ್ದವು. ನಮಗೆ ಕಾಣಲಿಲ್ಲ.

ಅವನು ಕಾಂಡಕ್ಕೆ ಕೈ ಹಚ್ಚಿ ನನ್ನ ಕಡೆ ತಿರುಗಿದ.

"ಅಣ್ಣಾ, ನಿಮ್ಮ ಕಡೀ ಮಂದಿ ಹುಟ್ಟತಲೇ ತೆಂಗಿನಮರ ಹತ್ತತಾರಂತ. ನೀ ನೋಡಿದ್ರ ಯಾವಾಗಲೂ ಕೆಳಗ ನಿಂತು ಮ್ಯಾಲ ನೋಡತಿ."

"ನಾನೂ ಹತ್ತುತ್ತಿದ್ದೆ ಮಾರಾಯ. ಆಮೇಲೆ ಹೋಟೆಲಿನ ಊಟ ಮಾಡಿದೆ."

"ಹಂಗಾದ್ರ ಹಗ್ಗ ಗಟ್ಟಿ ಹಿಡಿ. ಉಂಡದ್ದು ದಂಡ ಆಗಬಾರದು."

ಎರಡನೇ ಮಹಡಿಯ ಮಟ್ಟಕ್ಕೆ ಹೋಗಿ ನಿಂತ. ಅಲ್ಲಿ ಒಂದು ಅಡುಗೆಮನೆಯ ಕಿಟಕಿ. ಗ್ರಿಲ್ಲಿನ ಒಳಗೆ ಒಬ್ಬ ಗುಜರಾತಿ ಅಜ್ಜಿ ಹಪ್ಪಳ ಒಣಹಾಕಿಕೊಂಡು ಕೂತಿದ್ದರು. ಎಲೆ ಉದುರತೊಡಗಿದ್ದೇ ತಡ, ಶುರು ಮಾಡಿದರು.

"ಅರೇ ಭಾಯ್, ಮೇರೇ ಪಾಪಡ್ ಮೇ ಕಚರಾ ಮತ್ ಗಿರಾ!"

"ಮಾಜೀ, ಅಂದರ್ ಲೇ ಲೋ. ನಹೀ ತೋ ಹಮ್ ಖಾ ಜಾಯೇಂಗೇ."

ಅಜ್ಜಿ ಹಪ್ಪಳ ಒಳಗೆ ತೆಗೆದುಕೊಳ್ಳಲಿಲ್ಲ. ಅವನ ಮೇಲೆ ಕಣ್ಣಿಟ್ಟು ಕೂತರು.

ಈಗ ಹೇಳುವುದು ಮುಖ್ಯ. ಹತ್ತಿದವನಿಗೆ ಎರಡು ಹಗ್ಗ. ಒಂದು ಕೊಂಬೆಯದು. ಅದರ ಒಂದು ತುದಿಯನ್ನು ಕಡಿಯುವ ಕೊಂಬೆಗೆ ಬಿಗಿದು, ಮೇಲಿನ ಕವಲೊಂದರ ಮೇಲೆ ಹಾಯಿಸಿ ಕೆಳಗೆ ಬಿಡುತ್ತಾನೆ. ಕೆಳಗಿನವನು ಅದನ್ನು ಬುಡಕ್ಕೆ ಸುತ್ತಿ ಹಿಡಿದು, ಕಡಿದ ಕೊಂಬೆಯನ್ನು ಮೆಲ್ಲಗೆ ಇಳಿಸುತ್ತಾನೆ. ಇನ್ನೊಂದು ಅವನ ಸೊಂಟದ ಹಗ್ಗ. ಅದು ಸೊಂಟವನ್ನೂ ಮರವನ್ನೂ ಒಟ್ಟಿಗೆ ಕಟ್ಟುತ್ತದೆ. ಕಟ್ಟಿ ಆದ ಮೇಲೆ ಅವನು ಎರಡೂ ಕೈ ಬಿಟ್ಟು ಹಿಂದಕ್ಕೆ ಒರಗಿ ಕೆಳಗಿನವನಿಗೆ ಅಂಗೈ ತೋರಿಸಬೇಕು. ಅಂಗೈ ಕಾಣುವವರೆಗೆ ಕೆಳಗಿನವನು ಗರಗಸ ಕಳಿಸುವುದಿಲ್ಲ. ನಮ್ಮ ಕೆಲಸದಲ್ಲಿ ಇದನ್ನು ಯಾರೂ ತಪ್ಪಿಸುವುದಿಲ್ಲ. ಅವನು ಒರಗಿದ. ಎರಡೂ ಅಂಗೈ ತೋರಿಸಿದ. ನಾನು ನೋಡಿದೆ. ಆಮೇಲೆಯೇ ಗರಗಸ ಕಳಿಸಿದೆ.

ಪಾರ್ಕಿಂಗಿನ ತಗಡಿನ ಮೇಲೆ ಚಾಚಿದ ದಪ್ಪ ಕೊಂಬೆಯನ್ನು ಅವನು ಕೊಯ್ಯತೊಡಗಿದ. ಅರ್ಧ ಕೊಯ್ದಿರಬೇಕು. ನನ್ನ ಎಡಗಾಲಿನ ಕೆಳಗಿನ ಬ್ಲಾಕು ಮೇಲೆದ್ದಿತು. ಮೊದಲು ಹೆಗ್ಗಣ ಎಂದುಕೊಂಡೆ. ಕಾಲು ತೆಗೆದೆ. ಪಕ್ಕದ ಬ್ಲಾಕೂ ಎದ್ದಿತು. ಕಾಂಡದ ಸುತ್ತ ಮಣ್ಣು ಬಿರಿಯುತ್ತಿತ್ತು. ಸದ್ದೇ ಇರಲಿಲ್ಲ.

"ಬುಡ ಏಳ್ತಾ ಉಂಟು!" ಎಂದು ಕೂಗಿದೆ.

ಅವನು ಬುಡ ನೋಡಲಿಲ್ಲ, ನನ್ನ ಮುಖ ನೋಡಿದ. ಮರ ಬಿಲ್ಡಿಂಗಿನ ಕಡೆ ವಾಲತೊಡಗಿತ್ತು, ಇನ್ನೂ ನಿಧಾನವಾಗಿ. ಗಂಟು ಬಿಚ್ಚಲು ಆಗುವುದಿಲ್ಲ. ಮೈಭಾರ ಬಿದ್ದ ಗಂಟು ಕೈಗೆ ಬರುವುದಿಲ್ಲ. ಅವನು ಗರಗಸ ಬಿಟ್ಟ. ಬೆನ್ನ ಹಿಂದಿನಿಂದ ಕೊಯ್ತಾ ಎಳೆದ. ತನ್ನ ಸೊಂಟಕ್ಕೂ ಮರಕ್ಕೂ ನಡುವಿನ ಹಗ್ಗಕ್ಕೆ ಹೊಡೆದ. ಒಂದೇ ಏಟಿಗೆ ಹೋಗಲಿಲ್ಲ, ಮತ್ತೆ ಹೊಡೆದ. ಹಗ್ಗ ಹೋಯಿತು. ಮರ ಅವನನ್ನು ಕಿಟಕಿಯ ಹತ್ತಿರಕ್ಕೆ ತಂದಾಗ ಜಿಗಿದು ಗ್ರಿಲ್ ಹಿಡಿದ. ಅದರ ಹಿಂದೆಯೇ ಮರ ಕುಸಿಯಿತು, ತಗಡನ್ನೂ ಎರಡು ಸ್ಕೂಟರನ್ನೂ ಅಪ್ಪಚ್ಚಿ ಮಾಡಿಕೊಂಡು. ಅವನನ್ನು ಕಟ್ಟಿದ್ದ ಕವಲು ಕಾಂಡದ ಕೆಳಗೆ ಸಿಕ್ಕಿ ಸೀಳಿಹೋಗಿತ್ತು. ಹಗ್ಗದ ಉಳಿದ ತುಂಡು ಅದರಲ್ಲೇ ಇತ್ತು. ನಾನು ಅದನ್ನು ಮುಟ್ಟಿ ನೋಡಿದ್ದೇನೆ.

ಅಜ್ಜಿ ಗ್ರಿಲ್ಲಿನ ಸಂದಿಯಿಂದ ಕೈ ಹಾಕಿ ಅವನ ಮಣಿಕಟ್ಟು ಹಿಡಿದಿದ್ದರು. "ಪಕಡಾ ಹೈ ಬೇಟಾ, ಪಕಡಾ ಹೈ" ಎನ್ನುತ್ತಿದ್ದರು.

"ಗ್ರಿಲ್ ನಿಕಲ್ ರಹಾ ಹೈ ಮಾಜೀ, ಛೋಡೋ!"

ಅಜ್ಜಿ ಬಿಡಲಿಲ್ಲ. ಗೋಡೆಯ ಗಾರೆ ಉದುರಿ ಗ್ರಿಲ್ಲಿನ ಒಂದು ಮೂಲೆ ಕಳಚಿತು. ಅವನ ಕೈ ಜಾರಿತು. ಬಿದ್ದ ಮರದ ಸೊಪ್ಪಿನ ಮೇಲೆ ಬಿದ್ದ. ಸೊಪ್ಪು ಇಲ್ಲದಿದ್ದರೆ ಉಳಿಯುತ್ತಿರಲಿಲ್ಲ. ತೊಡೆಯ ಮೂಳೆ ಮುರಿದಿತ್ತು. ನಾನು ಹತ್ತಿರ ಹೋದೆ.

"ಅಣ್ಣಾ, ನಿನಗೇನಾರ ಆತೇನು?"

"ಇಲ್ಲ."

"ಮತ್ತ ಅಳತಿ ಯಾಕ?"

ಎತ್ತಲು ಬಂದವರು ಅವನ ಸೊಂಟಕ್ಕೆ ಬಿಗಿದಿದ್ದ ಸುತ್ತನ್ನು ಕತ್ತರಿಸಿ ಸೊಪ್ಪಿನೊಳಗೆ ಎಸೆದರು. ಹಾಗೆಯೇ ಮಾಡಬೇಕಿತ್ತು. ಸ್ಟ್ರೆಚರಿನ ಮೇಲೆ ಮಲಗಿಸಿದ ಮೇಲೆ ಬಾಲ್ಕನಿಯಿಂದ ಯಾರೋ ಫೋಟೋ ತೆಗೆದರು. ಫೋಟೋದಲ್ಲಿ ಸೊಂಟಕ್ಕೆ ಹಗ್ಗವಿಲ್ಲ. ನಾನು ಅವನ ಜೊತೆ ಆಸ್ಪತ್ರೆಯಲ್ಲಿದ್ದಾಗ ಮರವನ್ನು ತುಂಡು ಮಾಡಿ, ಸೊಪ್ಪನ್ನೂ ಹಗ್ಗದ ತುಂಡುಗಳನ್ನೂ ಲಾರಿಗೆ ಹಾಕಿ ಸಾಗಿಸಿದ್ದರು. ಸಂಜೆಯ ಹೊತ್ತಿಗೆ ಆ ಫೋಟೋ ಈ ಕೆಲಸದವರೆಲ್ಲರ ಮೊಬೈಲಿಗೆ ಬಂದಿತ್ತು. ಹಗ್ಗವಿಲ್ಲದೆ ಹತ್ತಿದವನ ಗತಿ ನೋಡಿ ಎಂದು ಕೆಳಗೆ ಬರೆದಿದ್ದರು.

ಕಾಲು ಕೂಡಿತು. ಈಗ ಕುಂಟುವುದಿಲ್ಲ. ಹತ್ತಬಲ್ಲ, ನಾನು ನೋಡಿದ್ದೇನೆ. ಆದರೆ ಹತ್ತಲು ಯಾರೂ ಕರೆಯಲಿಲ್ಲ. ಹಗ್ಗ ಕಟ್ಟದವನನ್ನು ಮೇಲೆ ಕಳಿಸಿ ಹೊಣೆ ಹೊರುವವರು ಯಾರು? ಅವನಿಗೆ ಬೇರೆ ಕೆಲಸ ಬರುವುದಿಲ್ಲವೆಂದಲ್ಲ. ಮನಸ್ಸಿರುವುದು ಅಲ್ಲಿ ಮಾತ್ರ.

ಈ ವರ್ಷ ಮಳೆಗಾಲಕ್ಕೆ ಮುಂಚೆ ಮುಲುಂಡಿನ ಒಬ್ಬ ಹಳೆಯ ಕಾಂಟ್ರಾಕ್ಟರ್ ಹತ್ತಿರ ಅವನನ್ನು ಕರೆದುಕೊಂಡು ಹೋದೆ. ಮರಾಠಿಯವರು. ವಯಸ್ಸಿನಲ್ಲಿ ತಾವೂ ಮರ ಹತ್ತಿದವರು. ಚಹಾ ತರಿಸಿದರು.

"ರಸ್ಸೀ ನಹೀ ಥೀ ತೋ ಬೋಲ್ ದೇ. ಗಲ್ತೀ ಸಬ್ ಸೇ ಹೋತೀ ಹೈ."

"ಥೀ, ಸೇಠ್. ಮೈನೇ ಕಾಟೀ."

ಹಗ್ಗ ಇತ್ತು, ತಾನೇ ಕಡಿದೆ ಎಂದದ್ದನ್ನು ಕೇಳಿ ಅವರು ಗ್ಲಾಸ್ ಕೆಳಗಿಟ್ಟರು. ಅದು ಇನ್ನೂ ಕೆಟ್ಟದ್ದು ಎಂದರು. ಅವರು ಹಾಗೆ ಹೇಳಿದ್ದು ನನಗೆ ಅರ್ಥವಾಯಿತು. ಹಗ್ಗ ಕಟ್ಟಲು ಮರೆತವನಿಗೆ ನೆನಪು ಮಾಡಬಹುದು. ಆದರೆ ಮೇಲಿರುವಾಗ ಕೊಯ್ತಾವನ್ನು ಸೊಂಟದ ಹಗ್ಗದ ಹತ್ತಿರ ತರಬಾರದು ಎಂದೇ ಎಲ್ಲರಿಗೂ ಮೊದಲು ಕಲಿಸುತ್ತಾರೆ. ತನ್ನ ಹಗ್ಗವನ್ನು ತಾನೇ ಕಡಿದೆ ಎನ್ನುವವನನ್ನು ಯಾವ ಧೈರ್ಯದಿಂದ ಕಳಿಸುವುದು?

ಮರವೇ ಬೀಳುತ್ತಿತ್ತು, ಕಟ್ಟಿಕೊಂಡೇ ಇದ್ದರೆ ಅದರ ಕೆಳಗೆ ಹೋಗುತ್ತಿದ್ದ ಎಂದು ನಾನು ಹೇಳಿದೆ. ಬ್ಲಾಕು ಎದ್ದದ್ದು, ಅಂಗೈ ತೋರಿಸಿದ್ದು, ಎಲ್ಲವನ್ನೂ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

"ನೀನು ಅವನ ದೋಸ್ತ್. ಮತ್ತೆ ಯಾರು ನೋಡಿದ್ದಾರೆ?"

ಅವನು ಎದ್ದ. ಬಾಗಿಲ ಹೊರಗೆ ಹೋಗಿ ನಿಂತ. ಸೇಠ್ ನನಗೆ ಮಾತ್ರ ಕೇಳುವಂತೆ, ನೋಡಿದವರನ್ನು ತೋರಿಸಿದರೆ ಈ ಮಳೆಗಾಲಕ್ಕೇ ಮೇಲೆ ಕಳಿಸುತ್ತೇನೆ, ಅಲ್ಲಿಯವರೆಗೆ ಸೊಪ್ಪು ಹೊರಲಿ ಎಂದರು. ಈಗ ಅವನು ಅವರ ಟೆಂಪೋಗೆ ಸೊಪ್ಪು ಹೊರುತ್ತಿದ್ದಾನೆ.

ಅವರು ಕೇಳಿದ್ದು ನ್ಯಾಯವೇ. ಆದ್ದರಿಂದ ಮತ್ತೆ ಆ ಗಲ್ಲಿಗೆ ಹೋದೆ.

ವಾಚ್‌ಮನ್ ಗೇಟಿನ ಹತ್ತಿರ ನಿಂತು ಎಲ್ಲವನ್ನೂ ನೋಡಿದ್ದ. ಅವನು ಊರಿಗೆ ಹೋದವನು ಅಲ್ಲಿಯೇ ತೀರಿಕೊಂಡ ಎಂದು ಈಗಿನ ವಾಚ್‌ಮನ್ ಹೇಳಿದ. ಗೇಟಿನ ಹೊರಗೆ ಬಟ್ಟೆ ಇಸ್ತ್ರಿ ಮಾಡುವವನು ನನ್ನ ಕೂಗು ಕೇಳಿ ತಲೆ ಎತ್ತಿದ್ದ. ಹಗ್ಗ ಕಟ್ಟಿದ್ದನ್ನು ಅವನು ನೋಡಿಲ್ಲ, ಕೊಯ್ತಾ ಎತ್ತಿ ಹೊಡೆದದ್ದನ್ನು ನೋಡಿದ್ದಾನೆ. ನೋಡಿದಷ್ಟನ್ನೇ ಹೇಳುತ್ತಾನೆ. ಅವನಿದ್ದಾನೆ, ಅದೇ ಜಾಗದಲ್ಲಿ.

ಅಜ್ಜಿ ಇದ್ದಾರೆ. ಅಂಗೈ ತೋರಿಸಿದ್ದರಿಂದ ಹಿಡಿದು ಕೈ ಜಾರುವವರೆಗೆ ಎಲ್ಲವನ್ನೂ ಅವರು ಅಷ್ಟು ಹತ್ತಿರದಿಂದ ನೋಡಿದ್ದಾರೆ. ಇಲ್ಲಿಯವರೆಗೆ ಅವರನ್ನು ಯಾರೂ ಕೇಳಿರಲಿಲ್ಲ. ಕಣ್ಣಿನ ಆಪರೇಷನ್ ಆಗಿದೆ, ನೋಟ ಚೆನ್ನಾಗಿದೆ. ಕಿವಿ ಮಂದ. ಮುಲುಂಡಿನ ಸೇಠ್‌ಗೆ ಫೋನ್ ಮಾಡಿ ಹೇಳಿದ್ದೇನೆ: ಎರಡನೇ ಮಹಡಿ, ಅಡುಗೆಮನೆಗೆ ಹೊಸ ಗ್ರಿಲ್ ಇರುವ ಮನೆ. ಹತ್ತು ಗಂಟೆಗೆ ಅವರು ದೇರಾಸರಕ್ಕೆ, ತಮ್ಮ ಜೈನ ಬಸದಿಗೆ, ಹೊರಡುತ್ತಾರೆ, ಅದಕ್ಕೆ ಮುಂಚೆ ಹೋಗಿ. ಸ್ವಲ್ಪ ಗಟ್ಟಿಯಾಗಿ ಕೇಳಿ.