ಕೆಂಪು ಟೋಪಿಯ ಗಿರಣಿಯವನು

ಹಾರ್ಲೆಮ್ ಪೇಟೆಯಾಚೆ ಕಾಲುವೆ ದಂಡೆಯಲ್ಲಿ ಫ್ಲೋರಿಸನ ಗಾಳಿಗಿರಣಿ. ಗಿರಣಿ ನಿಂತಾಗಲೂ ಅದರ ರೆಕ್ಕೆ ಮಾತಾಡುತ್ತದೆ, ಇದು ಆ ಸೀಮೆಯ ಮಕ್ಕಳಿಗೂ ಗೊತ್ತು. ಕೆಳಗಿನ ರೆಕ್ಕೆ ನೆಟ್ಟಗಾಗುವ ಮುಂಚೆ ನಿಂತರೆ ಮದುವೆಯೋ ನಾಮಕರಣವೋ. ದಾಟಿ ನಿಂತರೆ ಸಾವು. ಹೆಣ ಹಾದುಹೋಗುವಾಗ ರೆಕ್ಕೆ ದಾಟಿಸಿ ನಿಲ್ಲಿಸದವನನ್ನು ಅಲ್ಲಿ ಮನುಷ್ಯ ಎನ್ನುವುದಿಲ್ಲ.

ಫ್ಲೋರಿಸ್ ಕೆಟ್ಟವನಲ್ಲ. ಆದರೆ ಹೊಗಳಿದರೆ ಉಬ್ಬಿಹೋಗುವ ಆಸಾಮಿ. ಆ ಬೇಸಿಗೆ ಚಿತ್ರಕಾರ ಲಾಂಬರ್ಟ್ ಎದುರುದಂಡೆಯಲ್ಲಿ ಕೂತು ಗಿರಣಿಯನ್ನು ಬರೆದುಕೊಳ್ಳತೊಡಗಿದ. ಫ್ಲೋರಿಸ್ ತನ್ನ ಮಗಳ ಮದುವೆಗೆಂದು ನಿಲ್ಲಿಸಿದ್ದ ರೆಕ್ಕೆ ಚಿತ್ರಕ್ಕೆ ಹೇಳಿಮಾಡಿಸಿದಂತಿದೆ, ಇನ್ನೊಂದು ದಿನ ಅಲುಗಿಸಬೇಡಿ ಎಂದ.

ಆ ದಿನವೇ ಪಕ್ಕದ ಮನೆ ಹಿಲ್ಲೆಯ ಗಂಡ ಬಾರೆಂಟನ ಹೆಣ ಗಿರಣಿಯ ಕೆಳಗಿನ ದಾರಿಯಲ್ಲಿ ಹೋಯಿತು. ಫ್ಲೋರಿಸ್ ಬಾಗಿಲಲ್ಲಿ ನಿಂತು ನೋಡಿದ. ರೆಕ್ಕೆ ದಾಟಿಸಲು ಎಷ್ಟು ಹೊತ್ತು ಬೇಕಿತ್ತು? ಆಚೆಯಿಂದ ಲಾಂಬರ್ಟ್ ಬೇಡವೆಂದು ಕೈಯಾಡಿಸಿದ, ಇವನು ಸುಮ್ಮನಾದ. ಥೂ, ಎಂಥ ಬುದ್ಧಿ!

ಮೂರು ದಿನ ಬಿಟ್ಟು ಹಿಲ್ಲೆ ಬಂದು ಯಾಕೆ ಹೀಗೆ ಮಾಡಿದೆ ಎಂದು ಕೇಳಿದಳು.

"ನಾನು ಇರ್ಲೇ ಇಲ್ಲ ಹಿಲ್ಲೆ. ಪೇಟೆಗೆ ಹೋಗಿದ್ದೆ," ಅಂದುಬಿಟ್ಟ.

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಅನುಮಾನಪಟ್ಟಿದ್ದು ತನ್ನದೇ ತಪ್ಪೆಂದು ಪ್ರತಿ ಶನಿವಾರ ಬಟಾಣಿ ಸಾರು ತಂದುಕೊಡತೊಡಗಿದಳು. ಫ್ಲೋರಿಸ್ ಅದನ್ನು ಕುಡಿಯುತ್ತಿದ್ದ. ನಿಜ ಹೇಳಿಯೇಬಿಡುತ್ತೇನೆಂದು ಅವಳ ಬಾಗಿಲವರೆಗೆ ಹೋಗುತ್ತಿದ್ದ, ಬರಿ ಬಟ್ಟಲು ಕೊಟ್ಟು ಬರುತ್ತಿದ್ದ.

ಚಳಿಗಾಲದಲ್ಲಿ ಬ್ರೆಡ್ ಅಂಗಡಿಯ ಟೀಮನ್ ಆ ಚಿತ್ರ ಕೊಂಡು, ಗೋಡೆಗೆ ತೂಗುಹಾಕಿ, ಅಕ್ಕಪಕ್ಕದವರನ್ನೆಲ್ಲ ಕರೆದ. ಪಾದ್ರಿಗಳು ಒಂದೊಂದನ್ನೇ ಬಿಡಿಸಿ ಹೇಳಿದರು. ಮುರಿದ ಮರವೆಂದರೆ ಸಾವು, ಮೋಡ ಸೀಳಿದ ಬೆಳಕು ದೇವರ ಕೃಪೆ. ದಾರಿಯಲ್ಲಿ ಶವಪೆಟ್ಟಿಗೆ ಹೊತ್ತ ಪುಟ್ಟ ಗುಂಪು, ಅದರ ಮೇಲೆಯೇ ಮದುವೆಯ ರೆಕ್ಕೆ, ಗಿರಣಿಯ ಬಾಗಿಲಲ್ಲಿ ಕೆಂಪು ಟೋಪಿಯವನೊಬ್ಬ. ಸಾವು ಕಣ್ಣಮುಂದೆಯೇ ಹೋದರೂ ಅದನ್ನು ಕಾಣದ ಮನುಷ್ಯ ಇವನು ಎಂದರು.

ಆ ದಂಡೆಯಲ್ಲಿ ಕೆಂಪು ಟೋಪಿ ಇದ್ದದ್ದು ಒಬ್ಬನಿಗೇ. ಅದೀಗ ಫ್ಲೋರಿಸನ ಮುಷ್ಟಿಯಲ್ಲಿ ಮುದುಡಿತ್ತು.

ಹಿಲ್ಲೆ ಹತ್ತಿರ ಹೋಗಿ, ಬಗ್ಗಿ ನೋಡಿದಳು.

"ನೋಡಿದಾನೆ, ಪಾದ್ರಿಗಳೇ. ಮುಖ ಹೆಣದ ಜೊತೆ ಹೊರಟ ನಮ್ ಕಡೆಗೇ ಇದೆ, ನೋಡಿ."

ಆ ಶನಿವಾರ ಸಾರು ಬರಲಿಲ್ಲ. ಫ್ಲೋರಿಸ್ ಹೋಗಿ ಕೆಳಗಿನ ರೆಕ್ಕೆಯನ್ನು ದಾಟಿಸಿ ನಿಲ್ಲಿಸಿದ. ಯಾರು ಹೋದರೆಂದು ಕೇಳಿದವರಿಗೆಲ್ಲ ಬಾರೆಂಟ್ ಎಂದ. ಅವನು ಹೋಗಿ ಆರು ತಿಂಗಳಾಯಿತಲ್ಲ ಎಂದರೆ, ಹೌದು ಎಂದ.