ಚೌಡಮ್ಮನ ಬೆರಳು ಗೋಡೆ ಹತ್ತಿದ್ದು

ಸಾಗರದ ಆಸ್ಪತ್ರೆಯೊಂದರಲ್ಲಿ ವ್ಯಾಯಾಮ ಹೇಳಿಕೊಡುವ ಕೋಣೆಯ ಹೊರಗೆ ಮಂಡಿ ಹಿಡಿದುಕೊಂಡು ಕೂತಿದ್ದೆ. ಪಕ್ಕದವರ ಮೈಯಿಂದ ನೋವಿನೆಣ್ಣೆಯ ಘಾಟು ಬರುತ್ತಿತ್ತು. "ಕೈ ಎತ್ತೋದು, ಕಾಲು ಇಳಿಸೋದು. ಇದ್ಕೆಲ್ಲ ಆಸ್ಪತ್ರೆ ಬೇಕಾ ಸಾರ್?" ಎಂದು ಅವರು ನಕ್ಕರು. ನಿಮಗೆ ಹೇಗೋ ಗೊತ್ತಿಲ್ಲ, ನನ್ನನ್ನಂತೂ ಆ ಘಾಟು, ಆ ನಗು ಎರಡೂ ಸೇರಿ ಅರವತ್ತರ ದಶಕದ ಅರಳಸುರಳಿ ಎಂಬ ಹಳ್ಳಿಗೆ ಎಳೆದುಕೊಂಡು ಹೋದವು.

ನಾನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ವಯಸ್ಸು ಇಪ್ಪತ್ನಾಲ್ಕು, ತಿಳಿವಳಿಕೆ ಅದಕ್ಕಿಂತ ಬಹಳ ಕಡಿಮೆ. ಸುತ್ತಲಿನ ಊರುಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ಚೌಡಮ್ಮ. ಯಾರ ಮನೆಯಿಂದ ಕರೆ ಬಂದರೂ ಗುಡ್ಡ ಹತ್ತಿಳಿದು ನಡೆದೇ ಹೋಗುವವಳು. ಅಂಥವಳಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು.

ಆಮೇಲೆ ಊರಿನ ಕರುಣೆ ನೋಡಬೇಕಿತ್ತು! ಬಂದವರೆಲ್ಲ ಒಂದೊಂದು ಎಣ್ಣೆ ತಂದರು, ಒಂದೊಂದು ಪಥ್ಯ ಹೇಳಿದರು. ಎಣ್ಣೆ ಯಾವುದಾದರೂ ಕೊನೆಯ ಮಾತು ಒಂದೇ: "ಏಳಬ್ಯಾಡ ಮಾರಾಯ್ತಿ, ಸುಮ್ನೆ ಮಲಗಿರು." ಅವಳ ಕೈಯಲ್ಲೇ ಹುಟ್ಟಿ ಬೆಳೆದವರಿಗೆ ಅವಳನ್ನು ಚಾಪೆಗೆ ಹೊಲಿದುಬಿಡುವ ಉತ್ಸಾಹ ಅಷ್ಟಿತ್ತು.

ಮಗ ಅವಳನ್ನು ಬಸ್ಸಿನಲ್ಲಿ ತೀರ್ಥಹಳ್ಳಿಗೆ ಕರೆದೊಯ್ದ. ಅಲ್ಲಿನ ನರ್ಸಮ್ಮ, ಸೋತ ಕೈಯ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಹತ್ತಿಸುವುದನ್ನು, ಸ್ಟೂಲಿನಿಂದ ಎದ್ದು ಕೂರುವುದನ್ನು ತೋರಿಸಿಕೊಟ್ಟು, ವಾರಕ್ಕೊಮ್ಮೆ ಬನ್ನಿ ಎಂದಳಂತೆ. ವಾರಕ್ಕೊಮ್ಮೆ! ದಿನಕ್ಕಿದ್ದದ್ದು ಒಂದೇ ಬಸ್ಸು. ಮಳೆಗಾಲದಲ್ಲಿ ಅದೂ ಬಂದರೆ ಬಂತು. ಅವರು ಮತ್ತೆ ಹೋಗಲೇ ಇಲ್ಲ.

"ಔಷ್ಧಿನೇ ಕೊಡ್ಲಿಲ್ಲ ಮೇಷ್ಟ್ರೇ, ಗೋಡೆ ಮುಟ್ಟು ಅಂದ್ರು," ಎಂದು ಮಗ ಅಂಗಡಿ ಕಟ್ಟೆಯಲ್ಲಿ ಗೊಣಗಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ದಿನಾ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದ್, ಎರಡ್ ಎಂದು ಕೂಗಿ ಕೈಕಾಲು ಎತ್ತಿಸುತ್ತಿದ್ದ ಮಹಾಶಯ!

ಮನೆಯಲ್ಲಿ ಚೌಡಮ್ಮ ನಗಲಿಲ್ಲ. ಸೊಸೆ ಹೂವಮ್ಮನ ಹೆಗಲು ಹಿಡಿದು ಗೋಡೆಯ ಹತ್ತಿರ ಸರಿದಳು. ಮೊದಲ ದಿನಗಳಲ್ಲಿ ಬೆರಳು ಒಂದು ಗೇಣೂ ಏರಲಿಲ್ಲ. "ಮುದುಕಿ ಗೋಡೆ ಹತ್ತುತ್ತೆ ಕಣ್ರೇ" ಎಂದು ದಾರಿಹೋಕರು ಹಾಸ್ಯ ಮಾಡಿದರು. ಒಮ್ಮೆ ಬಿದ್ದು ಗಲ್ಲ ಒಡೆದುಕೊಂಡಳು. ಮಗ ಹೆದರಿ ಸ್ಟೂಲನ್ನು ಅಟ್ಟಕ್ಕೆ ಹಾಕಿದ. ಮರುದಿನ ಅವಳು ಜಗಲಿಯ ಅಂಚಿನಿಂದ ಎದ್ದಳು. "ಹೂವಿ, ಗಟ್ಟಿ ಹಿಡ್ಕ. ಹಾಂ... ಈಗ ಬಿಡು." ಸೊಸೆ ಬಿಟ್ಟಳು. ಅತ್ತೆ ನಿಂತಳು.

ದೀಪಾವಳಿಯ ಹೊತ್ತಿಗೆ ಕೋಲೂರಿಕೊಂಡು ಊರೊಳಗೆ ಓಡಾಡತೊಡಗಿದಳು. ಬಲಗೈ ಮಾತ್ರ ಪೂರ್ತಿ ಬರಲಿಲ್ಲ, ಮಗುವನ್ನು ಹಿಡಿಯುವಷ್ಟು ಬಲ ಅದಕ್ಕೆ ಮರಳಲಿಲ್ಲ. ಹಾಗಾಗಿ ಹೆರುವವಳ ತಲೆದೆಸೆಯಲ್ಲಿ ತಾನು ಕೂತು ಹೇಳುವಳು, ಹೂವಮ್ಮ ಮಾಡುವಳು.

ಅದೇ ವರ್ಷ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರು ಶಾಲೆಗೆ ಬಂದರು, ಊರವರನ್ನೂ ಕರೆದಿದ್ದೆವು. ಆರೋಗ್ಯದ ಮೇಲೆ ಭಾಷಣ ಬಿಗಿದ ನಾನು, ನಮ್ಮ ಶಾಲೆಯ ವ್ಯಾಯಾಮದ ಪ್ರೇರಣೆಯಿಂದಲೇ ಚೌಡಮ್ಮ ಎದ್ದು ನಡೆದಳೆಂದು ನಾಚಿಕೆಯಿಲ್ಲದೆ ಹೇಳಿದೆ. ಚಪ್ಪಾಳೆಯೂ ಬಿತ್ತು. ಹಿಂದಿನ ಸಾಲಿನಲ್ಲಿ ಚೌಡಮ್ಮ ಎದ್ದು ನಿಂತಳು.

"ಮೇಷ್ಟ್ರೇ, ಒಂದಿನಾರೂ ನಮ್ಮನಿ ಮೆಟ್ಲು ಹತ್ತಿದ್ರಾ ನೀವು? ನನ್ನ ಹಿಡ್ಕಂಡು ನಿಲ್ಲಿಸಿದ್ದು ಹೂವಿ."

ಇನ್ಸ್‌ಪೆಕ್ಟರು ತಮ್ಮ ಬೂಟು ನೋಡಿಕೊಂಡರು. ನಾನು ರಾಷ್ಟ್ರಗೀತೆ ಶುರುಮಾಡಿಸಿದೆ. ಮರುವರ್ಷ ನನ್ನ ಮಗಳು ಹುಟ್ಟುವಾಗ ಕರೆದ ತಕ್ಷಣ ಅತ್ತೆ ಸೊಸೆ ಇಬ್ಬರೂ ಬಂದರು. ಆಗಲೂ ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ.

"ಅಜ್ಜ, ಒಳಗೆ ಬನ್ನಿ," ಎಂದು ವ್ಯಾಯಾಮದ ಹುಡುಗಿ ಕರೆದಳು. "ಹೋದ ಸಲ ಹೇಳಿಕೊಟ್ಟಿದ್ದು ಮನೇಲಿ ದಿನಾ ಮಾಡ್ತಿದ್ದೀರಾ?"

ಹೂಂ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಇಲ್ಲಮ್ಮ," ಎಂದೆ. "ಒಂದಿನಾನೂ ಮಾಡ್ಲಿಲ್ಲ."